ಸಿಓಪಿಡಿ ಇರುವವರಿಗೆ ಕೊರೊನಾ ಬಂದಾಗ: ‘94’ರ ಲೆಕ್ಕ ನಿಮ್ಮ ತಾಯಿಗೆ ಹೊಂದುವುದಿಲ್ಲ

ಪ್ರಶ್ನೆ: ನಮ್ಮ ತಾಯಿಗೆ 66 ವರ್ಷ. ತಿಪಟೂರಿನ ಹತ್ತಿರದ ಹಳ್ಳಿ. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಆದರೆ ಜೀವನವಿಡೀ ಸೌದೆ ಒಲೆಯ ಮುಂದೆ ಕೂತವರು. ಆರು ವರ್ಷದ ಹಿಂದೆ ಸಿಓಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಹೇಳಿದರು. ದಿನಕ್ಕೆ ಎರಡು ಸಲ ರೋಟಾಹೇಲರ್‌ನಲ್ಲಿ ಫಾರ್ಮೊಟೆರಾಲ್ ಮತ್ತು ಬ್ಯುಡೆಸೊನೈಡ್ ಇರುವ ಕ್ಯಾಪ್ಸೂಲ್, ರಾತ್ರಿ ಒಂದು ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ದಿನದಿಂದ ಜ್ವರ, ಮೈಕೈ ನೋವು. ಪರೀಕ್ಷೆಯಲ್ಲಿ ಕೋವಿಡ್ ಪಾಸಿಟಿವ್ ಬಂದಿದೆ. ಆಕ್ಸಿಮೀಟರ್ 90 ತೋರಿಸುತ್ತಿದೆ. ಇನ್ಹೇಲರ್‌ನಲ್ಲಿ ಸ್ಟೆರಾಯ್ಡ್ ಇದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ನಿಲ್ಲಿಸಿ ಎಂದು ಕೆಲವರು ಹೇಳುತ್ತಿದ್ದಾರೆ. 2021ರಲ್ಲಿ ಕೊಂಡ ಆಕ್ಸಿಜನ್ ಕಾನ್ಸಂಟ್ರೇಟರ್ ಮನೆಯಲ್ಲಿದೆ. ಅದನ್ನು ಹಾಕಿ 95ರ ಮೇಲೆ ಇಡಬೇಕೆ? ಸ್ಟೆರಾಯ್ಡ್ ಮಾತ್ರೆ ಶುರು ಮಾಡಬೇಕೆ? ಆಸ್ಪತ್ರೆಗೆ ಯಾವಾಗ ಕರೆದೊಯ್ಯಬೇಕು?

ಉತ್ತರ: ಮೊದಲು ಇವತ್ತೇ ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಇನ್ಹೇಲರ್ ನಿಲ್ಲಿಸಬೇಡಿ. ಕಾನ್ಸಂಟ್ರೇಟರ್ ಹಾಕಿ 95ಕ್ಕೆ ಏರಿಸಬೇಡಿ. ಸ್ಟೆರಾಯ್ಡ್ ಮಾತ್ರೆಯನ್ನು ನೀವಾಗಿಯೇ ಶುರು ಮಾಡಬೇಡಿ. ಆದರೆ ವೈದ್ಯರನ್ನು ಇವತ್ತೇ ಕಾಣಿ, ಏಕೆಂದರೆ ವೈರಸ್ ವಿರುದ್ಧದ ಮಾತ್ರೆಯನ್ನು ಲಕ್ಷಣ ಕಾಣಿಸಿದ 5 ದಿನದೊಳಗೆ ಶುರು ಮಾಡಬೇಕು. ಅದರಲ್ಲಿ ಎರಡು ದಿನ ಆಗಲೇ ಕಳೆದಿದೆ.

ನೀವು ಬರೆದ 90 ಎಂಬ ಅಂಕಿಯನ್ನು ಓದಿದಾಗ ನನಗೆ ಮೊದಲು ಹುಟ್ಟಿದ ಪ್ರಶ್ನೆ: ಜ್ವರ ಬರುವ ಮೊದಲು ಅವರಿಗೆ ಎಷ್ಟು ಇರುತ್ತಿತ್ತು? ಆರೋಗ್ಯವಂತರಲ್ಲಿ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್‌ನ ಶೇಕಡಾ ಮಟ್ಟ, 96ರಿಂದ 99 ಇರುತ್ತದೆ. ಹಾಗಾಗಿ 94ಕ್ಕಿಂತ ಇಳಿದರೆ ಎಚ್ಚರ ಎಂದು ಕೋವಿಡ್ ಕಾಲದಲ್ಲಿ ಮನೆಮನೆಗೂ ಹೇಳಲಾಯಿತು. ಸಿಓಪಿಡಿ ಹಳೆಯದಾದವರಲ್ಲಿ ಎಷ್ಟೋ ಜನ ಎಲ್ಲ ಸರಿಯಿರುವ ದಿನವೂ 91, 92ರಲ್ಲೇ ಇರುತ್ತಾರೆ. ಅವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. 92 ಇದ್ದವರಿಗೆ 90 ಬಂದರೆ ಅದು ಸಣ್ಣ ಇಳಿಕೆ. 96 ಇದ್ದವರಿಗೆ 90 ಬಂದರೆ ಅದು ನ್ಯುಮೋನಿಯಾದ ಗುರುತು. ಹಳೆಯ ಚೀಟಿಗಳನ್ನು ತೆಗೆದು ನೋಡಿ, ಎದೆರೋಗ ವೈದ್ಯರು ಪ್ರತಿ ಭೇಟಿಯಲ್ಲೂ ಸ್ಯಾಚುರೇಶನ್ ಬರೆದಿರುತ್ತಾರೆ. ಅಲ್ಲಿ 91 ಅಥವಾ 92 ಇದ್ದರೆ ಮುಂದೆ ಬರೆದಿರುವುದೆಲ್ಲ ಹಾಗೆಯೇ ಅನ್ವಯಿಸುತ್ತದೆ. 95, 96 ಇದ್ದಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಅಳತೆಯೂ ನೆಟ್ಟಗಿರಬೇಕು. ಐದು ನಿಮಿಷ ಸುಮ್ಮನೆ ಕೂರಿಸಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್, ಮೆಹಂದಿ ಇಲ್ಲದ ತೋರುಬೆರಳು ಅಥವಾ ನಡುಬೆರಳಿಗೆ ಹಾಕಿ, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗದಂತೆ ಇಟ್ಟುಕೊಳ್ಳಲಿ. ಮೊದಲು ಮೂಡುವ ಅಂಕಿಯನ್ನು ಬರೆಯಬೇಡಿ. ಒಂದು ನಿಮಿಷ ಬಿಟ್ಟು ಅಂಕಿ ನಿಂತ ಮೇಲೆ ಬರೆಯಿರಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಎರಡು ಮೂರು ಅಂಕಿ ಹೆಚ್ಚು ತೋರಿಸುವುದುಂಟು. ಆದ್ದರಿಂದ ಒಂದು ಸಲದ ಅಂಕಿಗಿಂತ ಅದೇ ಯಂತ್ರ, ಅದೇ ಬೆರಳಿನಲ್ಲಿ ದಿನದಿಂದ ದಿನಕ್ಕೆ ಆಗುವ ಬದಲಾವಣೆ ಹೆಚ್ಚು ನಂಬಿಕೆಗೆ ಅರ್ಹ. ಹಗಲಿನಲ್ಲಿ ನಾಲ್ಕು ತಾಸಿಗೊಮ್ಮೆ ಸ್ಯಾಚುರೇಶನ್, ನಾಡಿ, ಜ್ವರ ಮತ್ತು ಒಂದು ಪೂರ್ತಿ ನಿಮಿಷ ಎಣಿಸಿದ ಉಸಿರಿನ ಸಂಖ್ಯೆ, ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಉಸಿರು ಎಣಿಸುತ್ತಿದ್ದೀರಿ ಎಂದು ಅವರಿಗೆ ಗೊತ್ತಾದರೆ ಉಸಿರಾಟವೇ ಬದಲಾಗುತ್ತದೆ, ನಾಡಿ ಹಿಡಿದಂತೆ ಮಾಡಿ ಎದೆ ಏರಿಳಿಯುವುದನ್ನು ನೋಡಿ. ಆರು ನಿಮಿಷ ನಡೆಸಿ ನೋಡುವ ಪರೀಕ್ಷೆ ಕೂತಾಗಲೇ 90 ಇರುವವರಿಗೆ ಬೇಡ. ಬಚ್ಚಲಿಗೆ ಹೋಗಿಬಂದ ತಕ್ಷಣ ಒಮ್ಮೆ ನೋಡಿ. ನಾಲ್ಕು ಅಂಕಿ ಇಳಿದು ಎರಡು ಮೂರು ನಿಮಿಷದಲ್ಲಿ ಮೇಲೇಳದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಈಗ ಆಕ್ಸಿಜನ್ ವಿಷಯ. ಇದರಲ್ಲಿ ಪ್ರೀತಿಯಿಂದ ಮಾಡಿದ್ದೇ ಅಪಾಯವಾಗುವ ಸಾಧ್ಯತೆ ಹೆಚ್ಚು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಸಿಓಪಿಡಿಯಲ್ಲಿ ಗುರಿ 88ರಿಂದ 92. ಕೇಂದ್ರ ಆರೋಗ್ಯ ಸಚಿವಾಲಯದ ಕೋವಿಡ್ ಚಿಕಿತ್ಸಾ ಸೂಚಿಯಲ್ಲೂ ಉಳಿದವರಿಗೆ 92ರಿಂದ 96, ಸಿಓಪಿಡಿ ಇರುವವರಿಗೆ 88ರಿಂದ 92 ಎಂದೇ ಇತ್ತು. ಕಾರಣ ಹೀಗಿದೆ. ಹಾಳಾದ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ತಲುಪದ ಭಾಗಗಳಿಗೆ ದೇಹ ತಾನೇ ರಕ್ತದ ಹರಿವನ್ನು ಕಡಿಮೆ ಮಾಡಿರುತ್ತದೆ. ಅಗತ್ಯಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟಾಗ ಆ ಹಿಡಿತ ಸಡಿಲಾಗಿ ರಕ್ತ ಮತ್ತೆ ಆ ಕೆಲಸಕ್ಕೆ ಬಾರದ ಭಾಗಗಳತ್ತ ಹರಿಯುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗುವುದಿಲ್ಲ. ಹಿಮೊಗ್ಲೋಬಿನ್ ಆಕ್ಸಿಜನ್‌ನಿಂದ ತುಂಬಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಸಿರಾಟದ ಒತ್ತಾಸೆಯೂ ತುಸು ತಗ್ಗುತ್ತದೆ. ಮೂರೂ ಸೇರಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆಕ್ಸಿಮೀಟರ್ ಮಾತ್ರ 97 ಎಂದು ತೋರಿಸುತ್ತಿರುತ್ತದೆ, ಮನೆಯವರು ನೆಮ್ಮದಿಯಾಗಿರುತ್ತಾರೆ, ರೋಗಿ ತೂಕಡಿಸುತ್ತಾ ಮಂಪರಿಗೆ ಜಾರುತ್ತಾರೆ. ಆಸ್ಟ್ರೇಲಿಯಾದ ತಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲಿ ಬಂದ 405 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧಾರಾಳವಾಗಿ ಆಕ್ಸಿಜನ್ ಕೊಟ್ಟ ಗುಂಪಿನಲ್ಲಿ ಶೇ. 9ರಷ್ಟು ಜನ ತೀರಿಕೊಂಡರೆ, 88–92ಕ್ಕೆ ಹಿಡಿದಿಟ್ಟ ಗುಂಪಿನಲ್ಲಿ ಅದು ಶೇ. 4 ಇತ್ತು. ಅದು ಕೋವಿಡ್‌ಗೂ ಹಿಂದಿನ ಮಾತು. ಆದರೆ ಕೋವಿಡ್ ಬಂದ ಮಾತ್ರಕ್ಕೆ ಶ್ವಾಸಕೋಶದ ಈ ಸ್ವಭಾವ ಬದಲಾಗುವುದಿಲ್ಲ.

ಅಂದರೆ ಇವತ್ತಿನ 90ಕ್ಕೆ ನಿಮ್ಮ ತಾಯಿಗೆ ಆಕ್ಸಿಜನ್ ಬೇಕಿಲ್ಲ. ಐದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿದರೂ 88ಕ್ಕಿಂತ ಕೆಳಗಿದ್ದರೆ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1 ಲೀಟರ್ ಶುರು ಮಾಡಿ, ಹೊರಡಲು ವಾಹನಕ್ಕೆ ಹೇಳಿ. ಹತ್ತು ನಿಮಿಷದಲ್ಲಿ 88 ಮುಟ್ಟದಿದ್ದರೆ 2 ಲೀಟರ್. 92 ದಾಟಿದರೆ ಇಳಿಸಿ. ಮನೆಯ ಆಕ್ಸಿಜನ್ ವಾಹನ ಬರುವವರೆಗೆ ಕಾಪಾಡಲು ಮಾತ್ರ. ಆಸ್ಪತ್ರೆಗೆ ಹೋಗುವುದನ್ನು ಮುಂದೂಡಲು ಅಲ್ಲ. ಹಾಗೆಂದು 80, 82 ಇದ್ದಾಗ ಇಂಗಾಲದ ಡೈಆಕ್ಸೈಡ್‌ನ ಭಯಕ್ಕೆ ಆಕ್ಸಿಜನ್ ಕೊಡದೆ ಕೂರುವುದೂ ತಪ್ಪು. ಆಕ್ಸಿಜನ್ ಕೊರತೆ ನಿಮಿಷಗಳಲ್ಲಿ ಕೊಲ್ಲುತ್ತದೆ, ಮೊದಲು ಅದನ್ನು 88ಕ್ಕೆ ತನ್ನಿ.

2021ರಿಂದ ಮೂಲೆಯಲ್ಲಿದ್ದ ಕಾನ್ಸಂಟ್ರೇಟರ್ ಬಗ್ಗೆ ಒಂದು ಎಚ್ಚರಿಕೆ. ಒಳಗಿರುವ ಜಿಯೊಲೈಟ್ ಹರಳುಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಆಕ್ಸಿಜನ್ ಬಿಡುತ್ತವೆ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅವು ತೇವ ಹೀರಿ ಕೆಡುತ್ತವೆ. ಆಗ ಮೀಟರ್‌ನ ಗುಂಡು 5 ಲೀಟರ್ ತೋರಿಸಿದರೂ ಬರುವುದು ಬಹುಪಾಲು ಬರಿ ಗಾಳಿ. ನಳಿಕೆಯ ತುದಿಯನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡಿದರೆ ಹರಿವು ಗೊತ್ತಾಗುತ್ತದೆ, ಶುದ್ಧತೆ ಗೊತ್ತಾಗುವುದಿಲ್ಲ. ಯಂತ್ರವನ್ನು ಅರ್ಧ ತಾಸು ಓಡಿಸಿ, ಶುದ್ಧತೆ ಕಡಿಮೆ ಎಂಬ ದೀಪವೋ ಅಲಾರಂ ಸದ್ದೋ ಬರುತ್ತದೆಯೇ ನೋಡಿ. ಸಾಧ್ಯವಾದರೆ ಮಾರಿದವರಿಂದ ಮೀಟರ್ ಹಿಡಿಸಿ ಪರೀಕ್ಷಿಸಿ. ಹಿಂಬದಿಯ ಸ್ಪಂಜಿನ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಮೂಗಿನ ನಳಿಕೆ ಹೊಸದು ತನ್ನಿ. ಗುಳ್ಳೆ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಅಥವಾ ಕುದಿಸಿ ಆರಿಸಿದ ನೀರು, ದಿನವೂ ಬದಲಿಸಬೇಕು. ಹರಿವು ನೋಡುವಾಗ ಕಣ್ಣನ್ನು ಮೀಟರ್‌ನ ಮಟ್ಟಕ್ಕೆ ತಂದು ಗುಂಡಿನ ನಡುಭಾಗ ಗೆರೆಯ ಮೇಲಿದೆಯೇ ನೋಡಿ. ನಿಂತು ಮೇಲಿನಿಂದ ನೋಡಿದರೆ ಅರ್ಧ ಲೀಟರ್ ತಪ್ಪುವುದು ಸುಲಭ, ಇವರ ವಿಷಯದಲ್ಲಿ ಅರ್ಧ ಲೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ಆಕ್ಸಿಜನ್ ಹರಿಯುವ ಕೋಣೆಯಲ್ಲಿ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಬೇಡ. ಮೂಗು ಒಣಗುತ್ತದೆಂದು ವ್ಯಾಸಲೀನ್, ವಿಕ್ಸ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ಜಿಡ್ಡಿಗೆ ಆಕ್ಸಿಜನ್ ಸೇರಿದರೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ.

ಇನ್ಹೇಲರ್‌ಗೆ ಬರೋಣ. ಪಫ್‌ನಲ್ಲಿರುವ ಸ್ಟೆರಾಯ್ಡ್ ಮೈಕ್ರೊಗ್ರಾಂ ಲೆಕ್ಕದ್ದು, ಹೆಚ್ಚಾಗಿ ಶ್ವಾಸನಾಳದಲ್ಲೇ ಕೆಲಸ ಮಾಡುವಂಥದ್ದು. ಸಿಓಪಿಡಿಯಲ್ಲಿ, ಮುಖ್ಯವಾಗಿ ಫ್ಲೂಟಿಕಾಸೋನ್ ಹೆಚ್ಚಿನ ಪ್ರಮಾಣದಲ್ಲಿ ಇದ್ದಾಗ, ನ್ಯುಮೋನಿಯಾ ತುಸು ಹೆಚ್ಚು ಎಂಬುದು ನಿಜ. ಆದರೆ ಅದನ್ನು ಬೇಕೇ ಬೇಡವೇ ಎಂದು ತೀರ್ಮಾನಿಸುವುದು ಆರಾಮವಾಗಿರುವಾಗ, ಸೋಂಕಿನ ಎರಡನೇ ದಿನವಲ್ಲ. ಹಠಾತ್ತನೆ ನಿಲ್ಲಿಸಿದರೆ ಶ್ವಾಸನಾಳಗಳು ಬಿಗಿಯುತ್ತವೆ, ಕೋವಿಡ್ ಮೇಲೆ ದಮ್ಮೂ ಸೇರಿಕೊಳ್ಳುತ್ತದೆ. ಬ್ಯುಡೆಸೊನೈಡ್ ಬಗ್ಗೆಯಂತೂ ಆಕ್ಸ್‌ಫರ್ಡ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 800 ಮೈಕ್ರೊಗ್ರಾಂನಂತೆ ದಿನಕ್ಕೆರಡು ಸಲ ಎಳೆದುಕೊಂಡವರು ಸುಮಾರು ಮೂರು ದಿನ ಮೊದಲೇ ಚೇತರಿಸಿಕೊಂಡದ್ದು ಕಂಡಿತ್ತು. ಕೋವಿಡ್ ಬಂದ ಎಲ್ಲರಿಗೂ ಅದನ್ನು ಕೊಡುವ ರೂಢಿ ಬರಲಿಲ್ಲ, ಆದರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಹೆದರಿ ಬಿಡುವುದಕ್ಕೆ ಯಾವ ಆಧಾರವೂ ಇಲ್ಲ.

ನಿಜವಾದ ತೊಂದರೆ ರೋಟಾಹೇಲರ್‌ನದ್ದು. ಅದು ಪುಡಿ ಔಷಧ. ಒಳಗೆಳೆಯುವ ರಭಸವೇ ಪುಡಿಯನ್ನು ಒಡೆದು ಶ್ವಾಸಕೋಶಕ್ಕೆ ಒಯ್ಯಬೇಕು. ಜ್ವರದಲ್ಲಿ ಸುಸ್ತಾದವರಿಗೆ ಆ ರಭಸ ಇರುವುದಿಲ್ಲ, ಪುಡಿ ಬಾಯಿ ಗಂಟಲಲ್ಲೇ ಉಳಿಯುತ್ತದೆ. ಎಳೆದ ಮೇಲೂ ಕ್ಯಾಪ್ಸೂಲ್‌ನಲ್ಲಿ ಪುಡಿ ಉಳಿದಿದ್ದರೆ ಇದೇ ಆಗುತ್ತಿದೆ ಎಂದರ್ಥ. ವೈದ್ಯರನ್ನು ಕೇಳಿ ಅದೇ ಔಷಧದ ಪಂಪ್ ಇನ್ಹೇಲರ್ ಮತ್ತು ಸ್ಪೇಸರ್ (ಪಂಪ್‌ಗೆ ಸಿಕ್ಕಿಸುವ ಪೊಳ್ಳು ಕೊಳವೆ) ಬರೆಸಿಕೊಳ್ಳಿ. ಡಬ್ಬಿಯನ್ನು ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ. ಅವರು ನೆಟ್ಟಗೆ ಕೂತು ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡಲಿ, ತುಟಿ ಬಿಗಿಯಾಗಿ ಮುಚ್ಚಿಕೊಳ್ಳಲಿ. ಒಂದೇ ಒಂದು ಪಫ್ ಒತ್ತಿ. ನಾಲ್ಕೈದು ಸೆಕೆಂಡು ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ, ಆಗದಿದ್ದರೆ ಆದಷ್ಟು, ಹಿಡಿದಿಟ್ಟು ಬಿಡಲಿ. ಉಸಿರು ಹಿಡಿಯಲು ಆಗದೇ ಇದ್ದರೆ ಅದೇ ಪಫ್‌ಗೆ ಐದಾರು ಸಲ ಸಹಜವಾಗಿ ಉಸಿರಾಡಿದರೂ ನಡೆಯುತ್ತದೆ. ಎರಡನೇ ಪಫ್ ಅರ್ಧ ನಿಮಿಷ ಬಿಟ್ಟು. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಸ್ಪೇಸರ್‌ನ ಗೋಡೆಗೆ ಹೋಗುತ್ತವೆ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ. ಸ್ಪೇಸರ್‌ ಅನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ, ಬಟ್ಟೆಯಿಂದ ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ.

ದಮ್ಮು ಹೆಚ್ಚಾದಾಗ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ 100 ಮೈಕ್ರೊಗ್ರಾಂ ಪಫ್ ಅನ್ನು ಇದೇ ರೀತಿ, ತಾಸಿಗೊಮ್ಮೆ ಒಂದೋ ಎರಡೋ ಪಫ್‌ನಂತೆ ಎರಡು ಮೂರು ಬಾರಿ, ಆಮೇಲೆ ಎರಡರಿಂದ ನಾಲ್ಕು ತಾಸಿಗೊಮ್ಮೆ ಕೊಡಬಹುದು. ಅಷ್ಟು ಕೊಟ್ಟರೂ ಇಳಿಯದ ದಮ್ಮು ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ನೆಬ್ಯುಲೈಸರ್ ಬಳಸಲೇಬೇಕಾದರೆ ಕಿಟಕಿ ತೆರೆದ ಕೋಣೆಯಲ್ಲಿ ಅವರೊಬ್ಬರೇ ಇರಲಿ, ಔಷಧ ಹಾಕಿಕೊಟ್ಟವರು ಎನ್95 ಹಾಕಿ ಹೊರಗೆ ಬಂದುಬಿಡಲಿ. ಅದರ ಮಂಜಿನ ಜೊತೆ ವೈರಸ್ ಕೋಣೆಯಿಡೀ ಹರಡುತ್ತದೆ. ಆಸ್ಪತ್ರೆಗಳಲ್ಲಿ ನೆಬ್ಯುಲೈಸರ್‌ಗೆ ಆಕ್ಸಿಜನ್ ಪೈಪಿನಿಂದಲೇ ಗಾಳಿ ಕೊಡುವ ರೂಢಿಯಿದೆ. ಸಿಓಪಿಡಿ ಇರುವವರಿಗೆ ಆದಷ್ಟೂ ಕಂಪ್ರೆಸರ್ ಗಾಳಿಯಲ್ಲೇ ಕೊಡಿ ಎಂದು ಕೇಳಿಕೊಳ್ಳಿ.

ಸ್ಟೆರಾಯ್ಡ್ ಮಾತ್ರೆ ಬೇರೆಯದೇ ಕಥೆ. ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲಿ ತಿಳಿಸಿದ್ದು ಇದು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ ಕೊಟ್ಟಾಗ, ವೆಂಟಿಲೇಟರ್‌ನಲ್ಲಿದ್ದವರ ಸಾವು ಶೇ. 41.4ರಿಂದ 29.3ಕ್ಕೆ, ಬರಿ ಆಕ್ಸಿಜನ್ ಮೇಲಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿಯಿತು. ಆಕ್ಸಿಜನ್ ಬೇಕಿಲ್ಲದವರಲ್ಲಿ ಮಾತ್ರ ಲಾಭವೇ ಕಾಣಲಿಲ್ಲ, 14.0 ಇದ್ದದ್ದು 17.8 ಆಯಿತು. ಆ ಏರಿಕೆ ಆಕಸ್ಮಿಕವೂ ಇರಬಹುದು, ಆದರೆ ಮೊದಲ ವಾರದಲ್ಲೇ ಸ್ಟೆರಾಯ್ಡ್ ನುಂಗಿಸುವುದಕ್ಕೆ ಅದು ಬೆಂಬಲವಂತೂ ಅಲ್ಲ. ಆರಂಭದ ದಿನಗಳಲ್ಲಿ ವೈರಸ್ ಬೆಳೆಯುತ್ತಿರುತ್ತದೆ, ಆಗ ದೇಹದ ಪ್ರತಿರೋಧ ಬೇಕು. 2021ರಲ್ಲಿ ನಮ್ಮಲ್ಲಿ ಕಪ್ಪು ಶಿಲೀಂಧ್ರ ಅಷ್ಟು ಜನರನ್ನು ಹಿಡಿದದ್ದಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಬೇಡದ ಕಡೆ ಬಳಸಿದ ಸ್ಟೆರಾಯ್ಡ್ ಎರಡೂ ಕಾರಣ.

ಇಲ್ಲಿ ಸಿಓಪಿಡಿಯವರಿಗೆ ಒಂದು ವಿನಾಯಿತಿ ಇದೆ. ಎದೆಯಲ್ಲಿ ಸುಯ್ ಸುಯ್ ಶಬ್ದ, ಕೆಮ್ಮು, ದಮ್ಮು ಮೂರೂ ಕೆರಳಿದ್ದರೆ ಅದು ಸಿಓಪಿಡಿಯೇ ಉಲ್ಬಣಿಸಿದ್ದು. ಅದಕ್ಕೆ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ 5 ದಿನ ಎಂಬುದು ಕೋವಿಡ್ ಇದ್ದರೂ ಬದಲಾಗುವುದಿಲ್ಲ. ಯಾವುದು ಉಲ್ಬಣ, ಯಾವುದು ನ್ಯುಮೋನಿಯಾ ಎಂದು ಸ್ಟೆತಸ್ಕೋಪ್ ಇಟ್ಟು ಕೇಳಿದವರು ಹೇಳಬೇಕು, ಫೋನಿನಲ್ಲಿ ಆಗುವ ಕೆಲಸವಲ್ಲ. ಕೊಟ್ಟರೆ ಬೆಳಗ್ಗೆ ತಿಂಡಿಯ ನಂತರ ಕೊಡಿ. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಮಧ್ಯಾಹ್ನ ಊಟದ ನಂತರದ ಸಕ್ಕರೆಯನ್ನು ಒಂದೆರಡು ದಿನ ನೋಡಿ. ಸ್ಟೆರಾಯ್ಡ್‌ನಿಂದ ಏರುವ ಸಕ್ಕರೆ ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕುವುದೇ ಇಲ್ಲ.

ವೈರಸ್ ವಿರುದ್ಧದ ಔಷಧಗಳಲ್ಲಿ ನಿರ್ಮಾಟ್ರೆಲ್ವಿರ್ 300 ಮಿಲಿಗ್ರಾಂ ಜೊತೆ ರಿಟೊನಾವಿರ್ 100, ದಿನಕ್ಕೆರಡು ಸಲ 5 ದಿನ. ಕಿಡ್ನಿಯ ಶಕ್ತಿ ಕಡಿಮೆ ಇದ್ದರೆ ನಿರ್ಮಾಟ್ರೆಲ್ವಿರ್ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಕ್ರಿಯಾಟಿನಿನ್ ಪರೀಕ್ಷೆ ಮೊದಲು. ಇದು ಸಿಗದಿದ್ದರೆ ಅಥವಾ ಕೊಡಲಾಗದಿದ್ದರೆ ಮೂರು ದಿನ ಡ್ರಿಪ್‌ನಲ್ಲಿ ಕೊಡುವ ರೆಮ್ಡೆಸಿವಿರ್ ಇದೆ, 7 ದಿನದೊಳಗೆ. ರಿಟೊನಾವಿರ್ ಬೇರೆ ಔಷಧಗಳ ಜೊತೆ ಜಗಳವಾಡುವುದರಲ್ಲಿ ಕುಖ್ಯಾತ. ಸಾಲ್ಮೆಟೆರಾಲ್ ಇರುವ ಇನ್ಹೇಲರ್ ಜೊತೆ ಅದು ಕೂಡದು, ಹೃದಯದ ಬಡಿತ ಕೆಡುತ್ತದೆ. ನಿಮ್ಮ ತಾಯಿಯದು ಫಾರ್ಮೊಟೆರಾಲ್, ಆ ತೊಂದರೆ ಇಲ್ಲ. ಬ್ಯುಡೆಸೊನೈಡ್‌ ಅನ್ನು ಐದು ದಿನದ ಮಟ್ಟಿಗೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಿಗೆ ಇದನ್ನು ಕೊಡುವಂತೆಯೇ ಇಲ್ಲ. ಬಿಪಿ, ಕೊಲೆಸ್ಟರಾಲ್, ರಕ್ತ ತೆಳು ಮಾಡುವ ಮಾತ್ರೆಗಳು ಇದ್ದರೆ ಬರಿ ಹೆಸರು ಹೇಳಿ ಸುಮ್ಮನಾಗಬೇಡಿ, ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಥಿಯೋಫಿಲಿನ್ ಮಾತ್ರೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜ್ವರ ಮತ್ತು ವೈರಸ್ ಸೋಂಕಿನಲ್ಲಿ ಯಕೃತ್ತು ಅದನ್ನು ನಿಧಾನವಾಗಿ ಕರಗಿಸುತ್ತದೆ, ಮಟ್ಟ ಏರುತ್ತದೆ. ಮೇಲೆ ಸಿಪ್ರೊಫ್ಲಾಕ್ಸಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಬಿದ್ದರೆ ಇನ್ನೂ ಏರುತ್ತದೆ. ವಾಕರಿಕೆ, ಎದೆ ಡವಗುಟ್ಟುವುದು, ಕೈ ನಡುಕ, ನಿದ್ದೆಯಿಲ್ಲದಿರುವುದು ಕಂಡರೆ ಅದನ್ನು ಕೋವಿಡ್‌ನ ಸುಸ್ತು ಎಂದುಕೊಳ್ಳದೆ ಮುಂದಿನ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ತಿಳಿಸಿ. ಇನ್ನು ಅಜಿತ್ರೊಮೈಸಿನ್, ಐವರ್ಮೆಕ್ಟಿನ್, ಹೈಡ್ರಾಕ್ಸಿಕ್ಲೋರೊಕ್ವಿನ್‌ಗಳಿಂದ ಕೋವಿಡ್‌ಗೆ ಪ್ರಯೋಜನವಿಲ್ಲ ಎಂಬುದು ದೊಡ್ಡ ಅಧ್ಯಯನಗಳಲ್ಲಿ ತೀರ್ಮಾನವಾಗಿದೆ. ಕಫ ಹೆಚ್ಚಾಗಿ ಹಳದಿ, ಹಸಿರು ಬಣ್ಣಕ್ಕೆ ತಿರುಗಿದರೆ ಮಾತ್ರ ಆಂಟಿಬಯಾಟಿಕ್ ಯೋಚನೆ. ನಿದ್ದೆ ಬರಲೆಂದು ಆಲ್ಪ್ರಜೋಲಾಮ್, ಕೆಮ್ಮಿಗೆಂದು ಕೊಡೀನ್ ಸಿರಪ್ ದಯವಿಟ್ಟು ಕೊಡಬೇಡಿ, ಎರಡೂ ಉಸಿರಾಟವನ್ನೇ ಕುಗ್ಗಿಸುತ್ತವೆ. ಬಿಸಿನೀರಿನ ಹಬೆ ಶ್ವಾಸಕೋಶದ ವೈರಸ್ಸನ್ನು ಕೊಲ್ಲುವುದಿಲ್ಲ, ಪಾತ್ರೆ ಮಗುಚಿ ಸುಟ್ಟುಕೊಂಡವರು ಬಹಳ.

ಊಟ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಇರಲಿ. ತುಂಬಿದ ಹೊಟ್ಟೆ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ಮೇಲೆ ಒತ್ತಿ ಉಸಿರು ಕಟ್ಟಿಸುತ್ತದೆ. ರಾಗಿ ಗಂಜಿ, ಬೇಳೆ ಕಟ್ಟು, ಮೊಟ್ಟೆ, ಮಜ್ಜಿಗೆ ಒಳ್ಳೆಯದು. ಏದುಸಿರು ಬಂದಾಗ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ ಕೂರಲಿ, ಮೂಗಿನಿಂದ ಎಳೆದು ತುಟಿಯನ್ನು ಸೀಟಿ ಹೊಡೆಯುವಂತೆ ಕೂಡಿಸಿ ಎರಡರಷ್ಟು ಹೊತ್ತು ಬಿಡಲಿ. ಬೋರಲು ಮಲಗಿಸುವುದು ಸಿಓಪಿಡಿ ಇರುವ ಎಲ್ಲರಿಗೂ ಆಗಿಬರುವುದಿಲ್ಲ, ಒತ್ತಾಯ ಬೇಡ.

ಕೋವಿಡ್ ಬಿಗಡಾಯಿಸುವುದು ಸಾಮಾನ್ಯವಾಗಿ ಲಕ್ಷಣ ಶುರುವಾದ 5ರಿಂದ 10ನೇ ದಿನದ ನಡುವೆ. ಜ್ವರ ಬಿಟ್ಟ ಮೂರನೇ ದಿನ ಪುಸ್ತಕ ಮುಚ್ಚಿಡಬೇಡಿ. ಅವರ ಮಾಮೂಲಿ ಅಂಕಿಗಿಂತ 3 ಇಳಿದರೆ, ಉಸಿರು ನಿಮಿಷಕ್ಕೆ 24 ದಾಟಿದರೆ ಅದೇ ದಿನ ತೋರಿಸಿ. 88ಕ್ಕಿಂತ ಕಡಿಮೆ, ಉಸಿರು 30, ಒಂದು ವಾಕ್ಯ ಮುಗಿಸಲಾಗದ ಏದುಸಿರು, ತುಟಿ ನೀಲಿಯಾಗುವುದು, ಇವುಗಳಿಗೆ 108. ಅಷ್ಟೇ ತುರ್ತಾದರೂ ಮನೆಯವರು ತಡವಾಗಿ ಗಮನಿಸುವುದು ಇದನ್ನು: ಬೆಳಗ್ಗೆ ಎದ್ದಾಗ ತಲೆನೋವು, ಹಗಲೆಲ್ಲ ತೂಕಡಿಕೆ, ಏನೇನೋ ಮಾತು, ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಲು ಹೇಳಿದಾಗ ಕೈಗಳು ಪಟಪಟ ಬೀಳುವುದು. ಇಂಗಾಲದ ಡೈಆಕ್ಸೈಡ್ ಏರಿದ ಗುರುತು ಇವು, ಆಕ್ಸಿಮೀಟರ್ ಚೆನ್ನಾಗೇ ತೋರಿಸುತ್ತಿದ್ದರೂ ಹೊರಡಬೇಕು. ಒಂದೇ ಪಕ್ಕದಲ್ಲಿ ಥಟ್ಟನೆ ಎದೆನೋವು ಬಂದು ಉಸಿರು ಸಿಕ್ಕಿದರೆ ಶ್ವಾಸಕೋಶದ ಗುಳ್ಳೆ ಒಡೆದಿರಬಹುದು. ಒಂದೇ ಕಾಲು ಊದಿ ನೋವಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು.

ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಈಗಲೇ ಚೀಲದಲ್ಲಿಡಿ: ‘ಸಿಓಪಿಡಿ ಇದೆ. ಮಾಮೂಲಿ ಸ್ಯಾಚುರೇಶನ್ ಇಷ್ಟು. ಆಕ್ಸಿಜನ್ ಗುರಿ 88–92.’ ಜೊತೆಗೆ ಹಳೆಯ ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ವರದಿ, ಎಕ್ಸ್‌ರೇ. ಅದನ್ನು ಆಂಬುಲೆನ್ಸ್‌ನವರಿಗೂ ವಾರ್ಡಿನ ಸಿಸ್ಟರ್‌ಗೂ ತೋರಿಸಿ. ಆಸ್ಪತ್ರೆಯಲ್ಲಿ ಅಪಧಮನಿಯ ರಕ್ತದ ಗ್ಯಾಸ್ ಪರೀಕ್ಷೆ ಆಯಿತೇ ಎಂದು ವಿಚಾರಿಸಿ, ಇಂಗಾಲದ ಡೈಆಕ್ಸೈಡ್ ಕಾಣುವುದು ಅದರಲ್ಲೇ. ಅದು ಏರಿ ರಕ್ತ ಆಮ್ಲೀಯವಾಗಿ ಪಿಎಚ್ 7.35ಕ್ಕಿಂತ ಇಳಿದಿದ್ದರೆ ಬೈಪ್ಯಾಪ್ ಮಾಸ್ಕ್ (ಒತ್ತಡದಲ್ಲಿ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವಂಥದ್ದು) ಹಾಕುತ್ತಾರೆ. ಅದರ ಹೆಸರು ಕೇಳಿ ಹೆದರಬೇಡಿ, ಸಮಯಕ್ಕೆ ಸರಿಯಾಗಿ ಹಾಕಿದರೆ ಎಷ್ಟೋ ಜನರಿಗೆ ಗಂಟಲಿಗೆ ನಳಿಕೆ ಇಳಿಸುವುದು ತಪ್ಪುತ್ತದೆ.

ಗುಣವಾಗಿ ಬಂದ ಮೇಲೆ ಆಸ್ಪತ್ರೆಯವರು ಮನೆಗೆ ಆಕ್ಸಿಜನ್ ಬರೆದುಕೊಟ್ಟಿದ್ದರೆ ಅದು ಜೀವನಪೂರ್ತಿ ಎಂದಲ್ಲ. 60ರಿಂದ 90 ದಿನದೊಳಗೆ ಮತ್ತೆ ಪರೀಕ್ಷಿಸಬೇಕು, ಹಲವರಿಗೆ ಬೇಡವಾಗಿರುತ್ತದೆ. ನ್ಯುಮೋನಿಯಾ ಆಗಿದ್ದರೆ 12 ವಾರಕ್ಕೆ ಎಕ್ಸ್‌ರೇ ಪುನಃ ತೆಗೆಸಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೊಕಾಕಲ್ ಲಸಿಕೆ, ಕೋವಿಡ್ ಲಸಿಕೆಯ ಬಾಕಿ ಡೋಸ್ ಬಗ್ಗೆ ಆ ಭೇಟಿಯಲ್ಲೇ ಕೇಳಿ. ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ನಿಮ್ಮ ಕಡೆ ಸ್ನಾನದ ಹಂಡೆಗೆ ತೆಂಗಿನ ಮಟ್ಟೆ, ಗರಿ ಉರಿಸುವುದು ಇನ್ನೂ ಇದೆ. ಕಾಯಿಲೆ ಬಂದದ್ದೇ ಹೊಗೆಯಿಂದ. ಹಂಡೆಯ ಉರಿಯನ್ನು ಇನ್ನು ಮುಂದೆ ಬೇರೆ ಯಾರಾದರೂ ನೋಡಿಕೊಳ್ಳಲಿ, ಆ ಹೊಗೆ ಒಳಮನೆಗೆ ತಿರುಗದಂತೆ ಕೊಳವೆಯನ್ನು ಸೂರಿನ ಮೇಲಕ್ಕೆ ಏರಿಸಿ. ಕೈಗೂಡಿದರೆ ಗೀಸರ್ ಅಥವಾ ಸೋಲಾರ್ ಹಾಕಿಸಿ.